ಫ್ರೀಲಾನ್ಸ್ ಅನುವಾದಕರು ರಜೆ ಹಾಕುವುದು ಹೇಗೆ? ಏಜೆನ್ಸಿಗೆ ಏನಂತ ಹೇಳುತ್ತೀರಿ?

ಸಾಗರದ ಅನುವಾದಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇದ್ದುಕೊಂಡು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಮೊಬೈಲ್ ಆ್ಯಪ್, ವಿಮೆ ಪತ್ರ, ಔಷಧ ಪರೀಕ್ಷೆಗೆ ಬರುವವರು ಸಹಿ ಮಾಡುವ ಒಪ್ಪಿಗೆ ಪತ್ರ, ಜಾಸ್ತಿ ಇವೇ. ಕೆಲಸ ಕೊಡುವುದು ಮೂರು ಏಜೆನ್ಸಿಗಳು. ಒಂದು ಬೆಂಗಳೂರಿನದು, ಒಂದು ಇಂಗ್ಲೆಂಡಿನದು, ಇನ್ನೊಂದು ಕ್ಯಾಲಿಫೋರ್ನಿಯಾದ್ದು.

ಡಿಸೆಂಬರಿನಲ್ಲಿ ನಮ್ಮನೆ ಅಡಿಕೆ ಕೊಯ್ಲು. ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೊಯ್ಲು ಅಂದರೆ ಒಂದು ದಿನದ ಕೆಲಸ ಅಲ್ಲ. ಕೊನೆ (ಅಡಿಕೆ ಗೊಂಚಲು) ಇಳಿಸಬೇಕು, ಮನೆಗೆ ಹೊರಬೇಕು, ಸುಲಿಯಬೇಕು, ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಹಂಡೆಯಲ್ಲಿ ಬೇಯಿಸಬೇಕು, ಒಣಗಿಸಬೇಕು. ಜನಕ್ಕೆ ಎರಡು ಹೊತ್ತು ಊಟ, ಮೂರು ಹೊತ್ತು ಚಹಾ. ಅತ್ತೆಗೆ ಮಂಡಿನೋವು. ಮನೆಯಲ್ಲಿ ಓಡಾಡಿ ಮಾಡುವವಳು ನಾನೊಬ್ಬಳೇ.

ನನ್ನ ಕಷ್ಟ ಏನೆಂದರೆ ತಾರೀಖು ನನ್ನ ಕೈಯಲ್ಲಿಲ್ಲ. ಕೊನೆಗೌಡರು, ಅಂದರೆ ಮರ ಹತ್ತಿ ಕೊನೆ ಇಳಿಸುವವರು, ಯಾವತ್ತು ಸಿಗುತ್ತಾರೋ ಅವತ್ತೇ ಕೊಯ್ಲು. ಅವರಿಗೂ ಹತ್ತಾರು ತೋಟದ ಕೆಲಸ ಇರುತ್ತದೆ. ಎರಡು ದಿನ ಮೊದಲು ಫೋನ್ ಬಂದರೆ ಅದೇ ಪುಣ್ಯ. ಹೀಗಿರುವಾಗ ಏಜೆನ್ಸಿಗೆ ಯಾವ ತಾರೀಖು ಹೇಳಲಿ? ಎರಡು ಸಲ ಬೇಡ ಅಂದರೆ ಮೂರನೇ ಸಲ ಕರೆಯುವುದಿಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ.

ಇನ್ನೊಂದು ಮಾತು. ನವೆಂಬರ್ 1ಕ್ಕೆ ರಾಜ್ಯಕ್ಕೆಲ್ಲ ರಜೆ. ಊರಿನ ಶಾಲೆಯಲ್ಲಿ ಧ್ವಜ ಹಾರಿಸುತ್ತಿದ್ದರೆ ನಾನು ಆ್ಯಪ್ ಒಂದರ ಬಟನ್‌ಗಳಿಗೆ ಕನ್ನಡ ಬರೆಯುತ್ತಾ ಕೂತಿದ್ದೆ. ಬೇಜಾರಾಯಿತು. ಕೆಲಸ ನನಗೆ ಇಷ್ಟ, ಬಿಡುವ ಯೋಚನೆ ಇಲ್ಲ. ಆದರೆ ಹೀಗೇ ಎಷ್ಟು ವರ್ಷ ಅಂತ ಅನ್ನಿಸುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಹುಬ್ಬಳ್ಳಿ ಸಬ್‌ಟೈಟಲ್

ಮೇಡಂ, ನಾನು ರಜೆ ಅಂತ ಹಾಕೋದೇ ಇಲ್ಲ. ಎಲ್ಲಿ ಹೋದರೂ ಲ್ಯಾಪ್‌ಟಾಪ್ ಜೊತೆಗೇ. ಗೋಕರ್ಣಕ್ಕೆ ಹೋದಾಗ ಬೆಳಿಗ್ಗೆ ಎರಡು ತಾಸು ರೂಮಿನಲ್ಲಿ ಕೂತು ಫೈಲ್ ಕಳಿಸಿ, ಆಮೇಲೆ ಸಮುದ್ರಕ್ಕೆ ಹೋದೆವು. ಏಜೆನ್ಸಿಗೆ ಗೊತ್ತೂ ಆಗಲಿಲ್ಲ. ಕೆಲಸ ಕೈತಪ್ಪಲಿಲ್ಲ. ನೀವೂ ರಾತ್ರಿ ಎರಡು ತಾಸು ಕೂತರೆ ನಡೆಯುತ್ತದೆ ನೋಡಿ.

ಕುವೆಂಪುನಗರದಿಂದ

ಸಾಗರದ ತಂಗಿಗೆ, ಮೈಸೂರಿನಿಂದ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಬಹಳ ವರ್ಷ ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹುಬ್ಬಳ್ಳಿಯವರು ಹೇಳಿದ್ದು ಅವರಿಗೆ ಸರಿಹೋಗಿರಬಹುದು. ನಿಮಗೆ ಬೇಡ. ಹಗಲೆಲ್ಲ ಜನಕ್ಕೆ ಬಡಿಸಿ, ರಾತ್ರಿ ಹತ್ತಕ್ಕೆ ಒಪ್ಪಿಗೆ ಪತ್ರ ಹಿಡಿದು ಕೂತರೆ ಏನಾಗುತ್ತದೆ? "ದಿನಕ್ಕೆ ಎರಡು ಸಲ" ಅಂತ ಇರಬೇಕಾದ್ದು "ಎರಡು ದಿನಕ್ಕೊಮ್ಮೆ" ಆಗಿಬಿಡಬಹುದು. ಅದನ್ನು ಓದಿ ಸಹಿ ಹಾಕುವವರು ಯಾರೋ ರೋಗಿ. ನಿದ್ದೆಗಣ್ಣಲ್ಲಿ ಮಾಡುವ ಕೆಲಸ ಅಲ್ಲ ಇದು. ಆ ಎರಡು ತಾಸಿಗೆ ಹೆದರಿ ಇಡೀ ದಿನ ಮನಸ್ಸು ಕೊಯ್ಲಿನಲ್ಲೂ ಇರುವುದಿಲ್ಲ, ಫೈಲಿನಲ್ಲೂ ಇರುವುದಿಲ್ಲ.

ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ನೀವು ಏಜೆನ್ಸಿಗೆ ರಜೆ ಕೇಳಬೇಕಾಗಿಲ್ಲ, ತಿಳಿಸಿದರೆ ಸಾಕು. ಅವರು ನಿಮಗೆ ಪಿಎಫ್ ಕಟ್ಟುವುದಿಲ್ಲ, ಇಎಸ್‌ಐ ಕೊಡುವುದಿಲ್ಲ, ಗಳಿಕೆ ರಜೆ ಇಲ್ಲ, ಹೆರಿಗೆ ರಜೆ ಇಲ್ಲ. 1948ರ ಕಾರ್ಖಾನೆ ಕಾಯ್ದೆಯೇ 20 ದಿನ ದುಡಿದವರಿಗೆ 1 ದಿನ ಸಂಬಳದ ರಜೆ ಅಂತ ಲೆಕ್ಕ ಹಾಕಿತ್ತು. ನಮಗೆ ಆ ಲೆಕ್ಕ ಹಾಕಿ ಕೊಡುವವರು ಯಾರೂ ಇಲ್ಲ. ನಾವೇ ಹಾಕಿಕೊಳ್ಳಬೇಕು, ಅದೂ ಪದಕ್ಕೆ ಇಷ್ಟು ಅಂತ ನಾವು ಕೇಳುವ ದರದೊಳಗೇ.

ಹೇಗೆ ಅಂತ ಹೇಳುತ್ತೇನೆ. ವರ್ಷಕ್ಕೆ 365 ದಿನ. ಶನಿವಾರ ಭಾನುವಾರ 104 ತೆಗೆಯಿರಿ, 261 ಉಳಿಯಿತು. ಹಬ್ಬ, ಜಾತ್ರೆ, ಮದುವೆ ಮುಂಜಿಗೆ 15. ಕೊಯ್ಲು, ಪ್ರವಾಸ ಏನೇ ಇರಲಿ ನಿಮ್ಮ ರಜೆಗೆ 15. ಜ್ವರ, ಕರೆಂಟಿಲ್ಲ, ನೆಟ್ ಇಲ್ಲ ಅನ್ನುವುದಕ್ಕೆ ಇನ್ನೊಂದು 15 ಇರಲಿ. ಮಲೆನಾಡಿನ ಮಳೆಗಾಲಕ್ಕೆ ಅಷ್ಟಾದರೂ ಬೇಕು, ಅಲ್ವಾ? ಉಳಿದದ್ದು 216 ದಿನ.

ದಿನಕ್ಕೆ 2,000 ಪದ ಅಂತ ಹಿಡಿದರೆ 4,32,000 ಪದ ಆಯಿತು. ಆದರೆ ದಿನಾ ಕೆಲಸ ಬರುತ್ತದೆಯೇ? ಇಲ್ಲ. ಬಿಲ್ ಬರೆಯುವುದು, ಮೇಲ್ ನೋಡುವುದು, ಏಜೆನ್ಸಿ ಕೇಳುವ ಪರೀಕ್ಷಾ ಅನುವಾದ (ಟೆಸ್ಟ್) ಮಾಡಿಕೊಡುವುದು ಎಲ್ಲ ಇದೇ ದಿನಗಳಲ್ಲೇ ಆಗಬೇಕು. ಮೂರರಲ್ಲಿ ಎರಡು ಪಾಲು ಹಿಡಿಯಿರಿ. 2,88,000 ಪದ. ತಿಂಗಳಿಗೆ 60,000 ರೂಪಾಯಿ ಬೇಕು ಅಂದರೆ ವರ್ಷಕ್ಕೆ 7,20,000. ಭಾಗಿಸಿ ನೋಡಿ. ಪದಕ್ಕೆ 2 ರೂಪಾಯಿ 50 ಪೈಸೆ.

ಇದನ್ನೇ ರಜೆ ಇಲ್ಲದೆ ಲೆಕ್ಕ ಹಾಕಿ. 365 ದಿನವೂ 2,000 ಪದ ಅಂದರೆ 7,30,000 ಪದ. ಆಗ ಪದಕ್ಕೆ ಒಂದು ರೂಪಾಯಿ ಸಿಕ್ಕರೂ ಸಾಕು ಅನ್ನಿಸುತ್ತದೆ. ನಮ್ಮಲ್ಲಿ ಎಷ್ಟೋ ಜನ ಒಂದು ರೂಪಾಯಿ ದರಕ್ಕೆ ಒಪ್ಪಿಕೊಳ್ಳುವುದು ಹೀಗೇ. ಆ ದರದೊಳಗೆ ಭಾನುವಾರ ಇಲ್ಲ, ದೀಪಾವಳಿ ಇಲ್ಲ, ಜ್ವರಕ್ಕೂ ಜಾಗ ಇಲ್ಲ. ಹೊಸದಾಗಿ ಬರುವ ಮಕ್ಕಳಿಗೆ ನಾನು ಇದನ್ನು ಕೂರಿಸಿ ಹೇಳುತ್ತೇನೆ. 2.50 ಎಲ್ಲ ಕಡೆ ಸಿಗುವುದಿಲ್ಲ, ನನಗೆ ಗೊತ್ತು. ಬೆಂಗಳೂರಿನ ಏಜೆನ್ಸಿ ಕೊಡದಿದ್ದರೆ ಹೊರದೇಶದವರ ದರದಲ್ಲಿ ಸರಿದೂಗಿಸಬೇಕು. ಆದರೆ ನಿಮ್ಮ ನಿಜವಾದ ದರ ಎಷ್ಟು ಅನ್ನುವುದು ನಿಮಗೆ ಗೊತ್ತಿರಲೇಬೇಕು.

ಈಗ ತಾರೀಖಿನ ವಿಷಯ. ಕೊನೆಗೌಡರ ಫೋನಿಗೆ ಕಾಯಬೇಡಿ. ಕೊಯ್ಲು ಯಾವ ಹದಿನೈದು ದಿನದೊಳಗೆ ಬೀಳಬಹುದು ಅಂತ ನಿಮ್ಮ ಮಾವನವರಿಗೆ ಅಂದಾಜು ಇದ್ದೇ ಇರುತ್ತದೆ. ಆ ಹದಿನೈದೂ ದಿನ ಮುಚ್ಚಿದೆ ಅಂತ ಹೇಳಿಬಿಡಿ. ಕೊಯ್ಲು ಬೇಗ ಮುಗಿದು ನಡುವೆ ನಾಲ್ಕು ದಿನ ಖಾಲಿ ಸಿಕ್ಕರೆ ಸಣ್ಣ ಕೆಲಸ ತೆಗೆದುಕೊಳ್ಳಿ. ಮುಚ್ಚಿದೆ ಅಂದವರು ಮಾಡಿಕೊಟ್ಟರೆ ಅವರಿಗೆ ಖುಷಿ. ಇದ್ದೇನೆ ಅಂದವರು ಕೈಕೊಟ್ಟರೆ ಕೋಪ. ಕೊಯ್ಲು, ಅತ್ತೆಯ ಮಂಡಿನೋವು ಇದನ್ನೆಲ್ಲ ಬರೆಯುವ ಅಗತ್ಯವೇ ಇಲ್ಲ. ಡಿಸೆಂಬರ್ ಇಷ್ಟರಿಂದ ಇಷ್ಟರವರೆಗೆ ಸಿಗುವುದಿಲ್ಲ, ಇಂಥ ದಿನದಿಂದ ಮತ್ತೆ ಸಿಗುತ್ತೇನೆ. ಎರಡು ಸಾಲು ಸಾಕು.

ಅಂದ ಹಾಗೆ ಭಾನುವಾರದ ಬಗ್ಗೆ. ಕ್ಯಾಲಿಫೋರ್ನಿಯಾದವರು "ಸೋಮವಾರ ಬೆಳಿಗ್ಗೆ ಬೇಕು" ಅಂದರೆ ನೀವು ಭಾನುವಾರ ಕೂತು ಮುಗಿಸುತ್ತಿದ್ದೀರಾ? ಅವರ ಸೋಮವಾರ ಬೆಳಿಗ್ಗೆ 9 ಗಂಟೆ ಅಂದರೆ ನಮಗೆ ಸೋಮವಾರ ರಾತ್ರಿ 9.30. ಅಲ್ಲಿ ಚಳಿಗಾಲವಾದರೆ 10.30. ನಿಮ್ಮ ಇಡೀ ಸೋಮವಾರ ಕೈಯಲ್ಲೇ ಇದೆ. ಇಂಗ್ಲೆಂಡಿನವರ ಬೆಳಿಗ್ಗೆ 9 ನಮಗೆ ಮಧ್ಯಾಹ್ನ 1.30 ಅಥವಾ 2.30. ಯಾವಾಗ ಬೇಕು ಅಂದಾಗ ಯಾವ ದೇಶದ ಗಂಟೆ ಅಂತ ಕೇಳಿ, ನಮ್ಮ ಗಂಟೆಯಲ್ಲಿ ಬರೆದು ಉತ್ತರ ಕೊಡಿ. ಇಷ್ಟು ಮಾಡಿದರೇ ಎಷ್ಟೋ ಭಾನುವಾರ ಉಳಿಯುತ್ತವೆ.

ದುಡ್ಡಿನ ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಡಿಸೆಂಬರಿನಲ್ಲಿ ಕೆಲಸ ಬಿಟ್ಟರೆ ಡಿಸೆಂಬರಿನಲ್ಲಿ ಏನೂ ಗೊತ್ತಾಗುವುದಿಲ್ಲ. ಹಳೇ ಬಿಲ್ಲಿನ ಹಣ ಬರುತ್ತಿರುತ್ತದೆ. ತಿಂಗಳ ಕೊನೆಗೆ ಬಿಲ್ ಹಾಕಿ 45 ದಿನಕ್ಕೆ ಹಣ ಬರುವ ಪದ್ಧತಿ ಇದ್ದರೆ ಹೊಡೆತ ಬೀಳುವುದು ಫೆಬ್ರವರಿ ನಡುವಿಗೆ. ಅಷ್ಟು ಹೊತ್ತಿಗೆ ರಜೆ ಮರೆತಿರುತ್ತೀರಿ. ಮುಂಗಡ ತೆರಿಗೆ ಕಂತಿನಲ್ಲಿ ಕಟ್ಟುವವರಾದರೆ ಡಿಸೆಂಬರ್ 15ಕ್ಕೆ ಒಂದು, ಮಾರ್ಚ್ 15ಕ್ಕೆ ಇನ್ನೊಂದು. ನಾನು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಇಟ್ಟಿದ್ದೇನೆ, ದಸರಾ ಮುಗಿದ ಮೇಲೆ ಕೈಗೆ ಬರುವ ಹಾಗೆ. ಅದು ನನ್ನ ರಜೆಯ ಸಂಬಳ. ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

ಬೆಂಗಳೂರಿನ ಏಜೆನ್ಸಿ ಹಣ ತಡ ಮಾಡುತ್ತದೆಯೇ? ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ, ಸರ್ಕಾರದ ತಾಣದಲ್ಲಿ ಶುಲ್ಕ ಇಲ್ಲ. ಇಂಥ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ರಜೆಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಹಣ ಸರಿಯಾಗಿ ಬರುವವರಿಗೆ ಮಾತ್ರ ಧೈರ್ಯವಾಗಿ ರಜೆ ಹಾಕಲು ಆಗುತ್ತದೆ.

ಬೆಂಗಳೂರು ಪಿಎಂ

ನಾನು ಏಜೆನ್ಸಿ ಕಡೆಯವನು, ಅನುವಾದಕರಿಗೆ ಕೆಲಸ ಹಂಚುವವನು, ಅಂದರೆ ಪ್ರಾಜೆಕ್ಟ್ ಮ್ಯಾನೇಜರ್ (ಪಿಎಂ). ಮೇಲಿನ ಅಕ್ಕ ಹೇಳಿದ್ದು ಸರಿ. ನಮ್ಮ ಕಡೆಯಿಂದ ಎರಡು ಮಾತು.

ಎರಡು ಸಲ ಬೇಡ ಅಂದರೆ ಬಿಡುತ್ತಾರೆ ಅನ್ನುವುದು ನಾನು ಕಂಡ ಮಟ್ಟಿಗೆ ನಿಜ ಅಲ್ಲ. ಬೇಡ ಅಂತ ಹತ್ತು ನಿಮಿಷದೊಳಗೆ ಹೇಳುವವರು ನಮಗೆ ಬಹಳ ಬೇಕಾದವರು. ತಕ್ಷಣ ಇನ್ನೊಬ್ಬರಿಗೆ ಕೊಡಬಹುದು. ನಮಗೆ ಕಷ್ಟ ಆಗುವುದು ಸರಿ ಅಂತ ಹೇಳಿ ಆಮೇಲೆ ಮೇಲ್‌ಗೂ ಫೋನಿಗೂ ಸಿಗದವರಿಂದ. ಗಿರಾಕಿಗೆ ಉತ್ತರ ಕೊಡಬೇಕಾದವರು ನಾವು.

ದೊಡ್ಡ ಕೆಲಸಗಳು ಎರಡು ಮೂರು ವಾರ ಮೊದಲೇ ನಮಗೆ ಗೊತ್ತಿರುತ್ತವೆ. ನೀವು ಒಂದು ತಿಂಗಳು ಮುಂಚೆ ತಿಳಿಸಿದರೆ ಆ ಕೆಲಸವನ್ನು ಸ್ವಲ್ಪ ಹಿಂದೆ ಮುಂದೆ ಮಾಡುವುದಕ್ಕೂ ಆಗುತ್ತದೆ. ರಜೆಗೆ ಒಂದು ವಾರ ಇರುವಾಗ ಮತ್ತೊಮ್ಮೆ ನೆನಪಿಸಿ. ನಮ್ಮಲ್ಲಿ ಪಿಎಂಗಳು ಬದಲಾಗುತ್ತಾ ಇರುತ್ತಾರೆ, ಹಳಬರಿಗೆ ಹೇಳಿದ್ದು ಹೊಸಬರಿಗೆ ತಲುಪಿರುವುದಿಲ್ಲ. ಏಜೆನ್ಸಿಯ ಪೋರ್ಟಲ್‌ನಲ್ಲಿ ಕ್ಯಾಲೆಂಡರ್ ಇದ್ದರೆ ಅಲ್ಲೂ ಗುರುತು ಹಾಕಿ.

ಸುಸ್ತಾದವರ ಫೈಲ್ ನಮಗೆ ಗೊತ್ತಾಗುತ್ತದೆ. ಅಂಕಿ ಬಿಟ್ಟುಹೋಗಿರುತ್ತದೆ, ಫೈಲಿನೊಳಗಿನ ಗುರುತು (ಟ್ಯಾಗ್) ಒಡೆದಿರುತ್ತದೆ, ಹಿಂದಿನ ಅನುವಾದಗಳನ್ನು ಕೂಡಿಟ್ಟ ಮೆಮರಿಯಿಂದ ಬಂದ ಹಳೇ ವಾಕ್ಯ ಹಾಗೇ ಉಳಿದಿರುತ್ತದೆ. ಎಲ್‌ಕ್ಯೂಎ ಅಂಕ, ಅಂದರೆ ಅನುವಾದದ ಗುಣಮಟ್ಟಕ್ಕೆ ಕೊಡುವ ಅಂಕ, ಒಮ್ಮೆ ಬಿದ್ದರೆ ಅದನ್ನು ಎತ್ತಲು ತಿಂಗಳುಗಟ್ಟಲೆ ಬೇಕು. ರಜೆ ಹಾಕಿದ್ದರಿಂದ ಅಂಕ ಬೀಳುವುದಿಲ್ಲ.

ಯಾವಾಗ ರಜೆ ಹಾಕಬಾರದು ಅಂತಲೂ ಹೇಳುತ್ತೇನೆ. ಶಾಪಿಂಗ್ ಆ್ಯಪ್‌ಗಳ ಕೆಲಸ ಮಾಡುವವರಿಗೆ ದಸರಾ, ದೀಪಾವಳಿ ಮಾರಾಟಕ್ಕೆ ಮುಂಚಿನ ವಾರಗಳು ಸುಗ್ಗಿ. ಮಾರ್ಚ್‌ನಲ್ಲಿ ಆರ್ಥಿಕ ವರ್ಷ ಮುಗಿಯುವ ಗಡಿಬಿಡಿಗೆ ಸಂಸ್ಥೆಗಳ ವರದಿಗಳು ಒಟ್ಟಿಗೇ ಬಂದು ಬೀಳುತ್ತವೆ. ಡಿಸೆಂಬರ್ ಕೊನೆ ಅಷ್ಟೇನೂ ಬಿರುಸಿಲ್ಲ.

ಮ್ಯೂನಿಕ್ ಧಾರವಾಡ

ಜರ್ಮನಿಯಿಂದ ನಮಸ್ಕಾರ. ನಾನು ಜರ್ಮನ್, ಇಂಗ್ಲಿಷ್, ಕನ್ನಡ ಮೂರರಲ್ಲೂ ಕೆಲಸ ಮಾಡುವ ಫ್ರೀಲಾನ್ಸರ್. ಊರು ಧಾರವಾಡ.

ಇಲ್ಲಿ ಸಂಬಳದ ನೌಕರರಿಗೆ 1963ರ ಕಾಯ್ದೆ ವರ್ಷಕ್ಕೆ ಕನಿಷ್ಠ 24 ದಿನ ರಜೆ ಕೊಡುತ್ತದೆ, ವಾರಕ್ಕೆ 6 ದಿನ ಕೆಲಸದ ಲೆಕ್ಕದಲ್ಲಿ. 5 ದಿನದ ವಾರವಾದರೆ 20. ನಮ್ಮಂಥವರಿಗೆ ಸಾಮಾನ್ಯವಾಗಿ ಅದು ಇಲ್ಲ. ಆದರೆ ಅದೇ ಕಾಯ್ದೆಯಲ್ಲಿ ಒಂದು ಒಳ್ಳೆ ಮಾತಿದೆ. ಹೆಸರಿಗೆ ಸ್ವತಂತ್ರ, ಆದರೆ ಬದುಕಿಗೆ ಒಬ್ಬರನ್ನೇ ನೆಚ್ಚಿಕೊಂಡವರು, ನೌಕರನ ಹಾಗೆಯೇ ಇರುವವರು ಅಂತಾದರೆ ಅವರಿಗೂ ರಜೆಯ ಹಕ್ಕು ಇದೆ. ಭಾರತದಲ್ಲೂ ಒಂದೇ ಏಜೆನ್ಸಿಗೆ ವರ್ಷಪೂರ್ತಿ ದುಡಿಯುವವರ ಬಗ್ಗೆ ಹೀಗೆ ಯೋಚಿಸಬೇಕು ಅಂತ ನನ್ನ ಆಸೆ. ನಿಮಗೆ ಮೂರು ಏಜೆನ್ಸಿ ಇರುವುದೇ ದೊಡ್ಡ ಬಲ, ಅದನ್ನು ಒಂದಕ್ಕೆ ಇಳಿಸಬೇಡಿ.

ಇಲ್ಲಿನವರನ್ನು ನೋಡಿ ಕಲಿತದ್ದು ಒಂದಿದೆ. ರಜೆಯ ತಾರೀಖನ್ನು ಎಲ್ಲ ಮೇಲ್‌ನ ಕೆಳಗೆ, ಸಹಿಯ ಜಾಗದಲ್ಲಿ, ಒಂದು ತಿಂಗಳು ಮೊದಲೇ ಹಾಕಿಬಿಡುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆಯುವ ಕೆಲಸವೇ ಇಲ್ಲ. ಆಗಸ್ಟಿನಲ್ಲಿ ಗಿರಾಕಿಗಳೇ ಊರಲ್ಲಿರುವುದಿಲ್ಲ. ಡಿಸೆಂಬರ್ 24ರಿಂದ ಹೊಸ ವರ್ಷದವರೆಗೆ ನನ್ನ ಗಿರಾಕಿಗಳ ಕಚೇರಿ ಮುಚ್ಚಿರುತ್ತದೆ. ಇಂಗ್ಲೆಂಡಿನಲ್ಲೂ 25, 26 ರಜೆ. ನಿಮ್ಮ ಹದಿನೈದು ದಿನವನ್ನು ಆ ಕಡೆಗೆ ಸರಿಸಲು ಆಗುವುದಾದರೆ ಅರ್ಧ ರಜೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅಡಿಕೆ ಅಷ್ಟು ದಿನ ಕಾಯುವುದಿಲ್ಲ ಅಂದರೆ ಬೇರೆ ಮಾತು.

ಸಾಗರದ ಅನುವಾದಕಿ

ಎಲ್ಲರಿಗೂ ತುಂಬಾ ಧನ್ಯವಾದ. ಮಾವನವರನ್ನು ಕೇಳಿದೆ. ಡಿಸೆಂಬರ್ 8ರಿಂದ 22ರ ಒಳಗೆ ಅಂದರು. ಕೆಂಪಡಿಕೆ ಮಾಡುವವರು ನಾವು, ಕಾಯಿ ಹಣ್ಣಾಗಲು ಬಿಡುವ ಹಾಗಿಲ್ಲ, ಅದಕ್ಕೇ ತಿಂಗಳ ಕೊನೆಗೆ ತಳ್ಳಲು ಆಗುವುದಿಲ್ಲ.

ಒಂದು ಅನುಮಾನ ಉಳಿದಿದೆ. ಇಂಗ್ಲೆಂಡಿನ ಏಜೆನ್ಸಿಗೆ ಕನ್ನಡಕ್ಕೆ ನಾನೊಬ್ಬಳೇ ಅಂತ ಕಾಣುತ್ತದೆ. ತುರ್ತು ಬಂದರೆ ಅವರು ಏನು ಮಾಡಬೇಕು? ಗೊತ್ತಿರುವ ಗೆಳತಿಗೆ ನಾನೇ ಫೈಲ್ ಕಳಿಸಿ ಮಾಡಿಸಲೇ?

ಮೇಲ್ ಹೀಗೆ ಬರೆದಿದ್ದೇನೆ, ಕನ್ನಡದಲ್ಲಿ ಹಾಕುತ್ತೇನೆ, ನೋಡಿ ಹೇಳಿ: "ನಿಮಗೆ ತೊಂದರೆ ಕೊಡುತ್ತಿರುವುದಕ್ಕೆ ಬಹಳ ಕ್ಷಮೆ ಇರಲಿ. ಮನೆಯಲ್ಲಿ ಅನಿವಾರ್ಯ ಕೆಲಸ ಇರುವುದರಿಂದ ಡಿಸೆಂಬರ್ 8ರಿಂದ 22ರವರೆಗೆ ಕೆಲಸ ಮಾಡುವುದು ಸ್ವಲ್ಪ ಕಷ್ಟವಾಗಬಹುದು. ಆದರೂ ತುರ್ತು ಇದ್ದರೆ ಪ್ರಯತ್ನ ಮಾಡುತ್ತೇನೆ."

ಕುವೆಂಪುನಗರದಿಂದ

ಫೈಲ್ ಗೆಳತಿಗೆ ಕಳಿಸಬೇಡಿ. ನೀವು ಸಹಿ ಹಾಕಿರುವ ಗುಟ್ಟು ಕಾಯುವ ಒಪ್ಪಂದ ಅದಕ್ಕೆ ಬಿಡುವುದಿಲ್ಲ, ಅದರಲ್ಲೂ ಔಷಧ ಕಂಪನಿಯ ಕಾಗದ. ಗೆಳತಿಯನ್ನೇ ಏಜೆನ್ಸಿಗೆ ಪರಿಚಯ ಮಾಡಿಸಿ. ಅವರ ಟೆಸ್ಟ್, ಅವರ ಒಪ್ಪಂದ ಎಲ್ಲ ಡಿಸೆಂಬರಿಗೆ ಮೊದಲೇ ಮುಗಿದಿರಲಿ. ಕೆಲಸ ಅವಳಿಗೇ ಹೋಗಿಬಿಟ್ಟರೆ ಅನ್ನುವ ಭಯ ಸಹಜ. ನಾನೂ ಮಂಗಳೂರಿನ ಗೆಳತಿಯೊಬ್ಬಳೂ ಹೀಗೇ ಮಾಡಿಕೊಂಡಿದ್ದೇವೆ. ದಸರಾದಲ್ಲಿ ನನ್ನ ಮನೆ ತುಂಬ ನೆಂಟರು, ಆಗ ನನ್ನ ಗಿರಾಕಿಗಳನ್ನು ಅವಳು ನೋಡುತ್ತಾಳೆ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಅಂತ ಅವಳು ತವರಿಗೆ ಹೋದಾಗ ಅವಳ ಗಿರಾಕಿಗಳನ್ನು ನಾನು ನೋಡುತ್ತೇನೆ. ಇಬ್ಬರಿಗೂ ಕೆಲಸ ಜಾಸ್ತಿಯಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಯಾವಾಗಲೂ ಒಬ್ಬರು ಸಿಗುತ್ತಾರೆ ಅಂತ ಏಜೆನ್ಸಿಗೂ ನೆಮ್ಮದಿ.

ನಿಮ್ಮ ಮೇಲ್‌ನಲ್ಲಿ ಮೊದಲ ವಾಕ್ಯ ತೆಗೆಯಿರಿ. ಕ್ಷಮೆ ಕೇಳುವಂಥದ್ದು ಏನೂ ಆಗಿಲ್ಲ. "ಸ್ವಲ್ಪ ಕಷ್ಟವಾಗಬಹುದು" ಅಂದರೆ ನೀವು ಸಿಗುತ್ತೀರೋ ಇಲ್ಲವೋ ಅಂತ ಪಿಎಂಗೆ ಗೊತ್ತಾಗುವುದಿಲ್ಲ, ಅವರು ಕೆಲಸ ಕಳಿಸಿಯೇ ಕಳಿಸುತ್ತಾರೆ. ಕೊನೆಯ ವಾಕ್ಯ ಖಂಡಿತ ಬೇಡ. ಅದೊಂದಿದ್ದರೆ ಮೇಲಿನದ್ದೆಲ್ಲ ಸುಮ್ನೆ ಬರೆದ ಹಾಗೆ. ಹೀಗೆ ಬರೆಯಿರಿ:

"ಡಿಸೆಂಬರ್ 8ರಿಂದ 22ರವರೆಗೆ ನಾನು ರಜೆಯಲ್ಲಿರುತ್ತೇನೆ. ಡಿಸೆಂಬರ್ 5ರ ಸಂಜೆಯೊಳಗೆ ಮುಗಿಯುವ ಕೆಲಸಗಳನ್ನು ಈಗ ಒಪ್ಪಿಕೊಳ್ಳುತ್ತೇನೆ. 23ರಿಂದ ಮತ್ತೆ ಸಿಗುತ್ತೇನೆ. ಈ ನಡುವೆ ಕನ್ನಡ ಕೆಲಸ ಬಂದರೆ ನನ್ನ ಸಹೋದ್ಯೋಗಿಯನ್ನು ಸಂಪರ್ಕಿಸಿ, ಅವರ ವಿವರ ಕೆಳಗಿದೆ."

5ಕ್ಕೇ ನಿಲ್ಲಿಸಲು ಹೇಳಿದ್ದು ಯಾಕೆಂದರೆ, ತಲುಪಿಸಿದ ಕೆಲಸಕ್ಕೆ ಪ್ರಶ್ನೆ, ತಿದ್ದುಪಡಿ ಅಂತ ಎರಡು ದಿನ ಹಿಂಬಾಲಿಸುತ್ತವೆ. 7ರ ರಾತ್ರಿ ಕಳಿಸಿದರೆ ಆ ಪ್ರಶ್ನೆಗಳು ಹಂಡೆಯ ಮುಂದೆ ನಿಂತಾಗ ಬರುತ್ತವೆ. ಜಿಮೇಲ್‌ನಲ್ಲಿ ರಜೆಯ ತಾನಾಗಿ ಹೋಗುವ ಉತ್ತರ ಹಾಕುವಾಗ ಕೊನೆಯ ದಿನವನ್ನೂ ತುಂಬಿಸಿ, ಇಲ್ಲದಿದ್ದರೆ ನೀವು ಬಂದ ಮೇಲೂ ಅದು ಹೋಗುತ್ತಲೇ ಇರುತ್ತದೆ.

ಗೆಳತಿಯ ಟೆಸ್ಟ್‌ಗೆ ವಾರಗಟ್ಟಲೆ ಹಿಡಿಯಬಹುದು. ಇಂಗ್ಲೆಂಡಿನವರಿಗೆ ಅವಳ ಹೆಸರು ಇವತ್ತೇ ಕಳಿಸಿ.